ಮದ್ದಿನ ಗುಂಡು

ಮೂವತ್ತೊಂದು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳು ನಾನು. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ನೋಡುವುದು ಅಕ್ಷರ ಸರಿ ಇವೆಯೇ ಎಂದು, ಮುಹೂರ್ತ ಆಮೇಲೆ. ಬಸ್‌ಸ್ಟ್ಯಾಂಡಿನ ಬೋರ್ಡು, ಔಷಧ ಅಂಗಡಿಯ ಚೀಟಿ, ದೇವಸ್ಥಾನದ ಗೋಡೆಯ ಮೇಲಿನ ದಾನಿಗಳ ಪಟ್ಟಿ, ಯಾವುದನ್ನೂ ನಾನು ಸುಮ್ಮನೆ ಬಿಟ್ಟವಳಲ್ಲ. ನನ್ನ ಗಂಡ ಇದನ್ನು ರೋಗ ಎನ್ನುತ್ತಾರೆ. ಇಷ್ಟೆಲ್ಲ ಜಂಬವಿದ್ದ ನಾನು ಒಂದು ಕಾಗದಕ್ಕೆ ಮಾತ್ರ ಓದದೆ ಸಹಿ ಹಾಕಿದೆ, ಅದರಿಂದ ಒಬ್ಬ ಮುದುಕರು ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದರು. ನನ್ನ ಜೊತೆ ನಿವೃತ್ತರಾದವರಿಗೆ ಶಾಲು ಹೊದಿಸಿದರು, ನನ್ನ ಕೈಗೆ ನೋಟಿಸು ಕೊಟ್ಟರು. ಆ ನೋಟಿಸಿನ ಬಗ್ಗೆ ನನಗೆ ದುಃಖವಿಲ್ಲ. ಅದಕ್ಕಿಂತ ಹಿಂದಿನದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮಪ್ಪ ಧಾರವಾಡ ಕಡೆಯ ಹಳ್ಳಿಯಿಂದ ದಾಂಡೇಲಿಯ ಕಾಗದ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು ಕಾರ್ಮಿಕರ ಕ್ವಾರ್ಟರ್ಸಿನಲ್ಲಿ. ಎಡಗಡೆಯ ಮನೆಯಲ್ಲಿ ಮರಾಠಿ, ಬಲಗಡೆ ಕೊಂಕಣಿ, ಹಿಂದಿನ ಸಾಲಿನಲ್ಲಿ ಉರ್ದು. ಆಟದಲ್ಲಿ ಜಗಳವಾಡಲು ಮೂರೂ ಬೇಕಾಗುತ್ತಿದ್ದವು, ಹಾಗಾಗಿ ಮೂರೂ ಬಂದವು. ಮುಂದೆ ಕುಂಬಾರವಾಡದಿಂದ ಒಳಗೆ ನಡೆದು ಹೋಗಬೇಕಾದ ಒಂದು ವಾಡಿಯ, ಅಂದರೆ ಸಣ್ಣ ಹಳ್ಳಿಯ, ಶಾಲೆಗೆ ನನ್ನನ್ನು ಹಾಕಿದಾಗ ಕೊಂಕಣಿ ಕೈಹಿಡಿಯಿತು. ಕನ್ನಡದವರಿಗೆ ನಾನು ಅಕ್ಕೋರು, ವಾಡಿಯವರಿಗೆ ಬಾಯಿ. ಕೊಂಕಣಿ, ಮರಾಠಿಯವರು ಟೀಚರಮ್ಮನನ್ನು ಕರೆಯುವುದೇ ಬಾಯಿ ಎಂದು. ಹನ್ನೊಂದು ವರ್ಷ ಅಲ್ಲಿದ್ದೆ. ವಾರಕ್ಕೊಮ್ಮೆ ದಾಂಡೇಲಿಯ ಮನೆಗೆ ಬರುತ್ತಿದ್ದೆ, ಬಸ್ಸು ಬಂದರೆ.

ಶಾಲೆಯ ಹಿಂದಿನ ಮನೆಯಲ್ಲಿ ಒಬ್ಬ ನಾಟಿ ವೈದ್ಯರಿದ್ದರು, ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಎಪ್ಪತ್ತು ದಾಟಿದ ಒಣಕಲು ಮನುಷ್ಯ, ಸೊಂಟದ ಹಿಂದೆ ಕತ್ತಿ ಸಿಕ್ಕಿಸಿಕೊಂಡು ಬೆಳಿಗ್ಗೆಯೇ ಕಾಡಿಗೆ ಹೋಗಿ ಬೇರು ಅಗೆದು ತರುತ್ತಿದ್ದರು. ಮನುಷ್ಯರಿಗಿಂತ ದನಗಳಿಗೇ ಅವರ ಔಷಧ ಹೆಚ್ಚು. ಬೇರು, ತೊಗಟೆ, ಕಾಳುಮೆಣಸು, ಬೆಲ್ಲ ಸೇರಿಸಿ ಕುಟ್ಟಿ, ನಿಂಬೆಹಣ್ಣಿನಷ್ಟು ದಪ್ಪದ ಉಂಡೆ ಕಟ್ಟಿ, ಮೊರದಲ್ಲಿ ಒಣಗಲು ಇಡುತ್ತಿದ್ದರು. ಹಸುವಿನ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಆ ಉಂಡೆಯನ್ನು ಗಂಟಲಿನೊಳಕ್ಕೆ ದಬ್ಬಬೇಕು. ಕೊಂಕಣಿಯಲ್ಲಿ ಔಷಧಕ್ಕೆ ವಖದ್ ಎನ್ನುತ್ತಾರೆ, ಉಂಡೆಗೆ ಗುಳೊ. ನಮ್ಮ ಅಜ್ಜಿಯೂ ದನಕ್ಕೆ ಇಂಥದ್ದನ್ನು ಕೊಡುತ್ತಿದ್ದಳು, ಅವಳ ಬಾಯಲ್ಲಿ ಅದು ಮದ್ದಿನ ಗುಂಡು. ಮನುಷ್ಯರು ನುಂಗಿದರೆ ಗುಳಿಗೆ, ದನ ನುಂಗಿದರೆ ಗುಂಡು, ಅಷ್ಟೇ ವ್ಯತ್ಯಾಸ. ಅದರಿಂದ ರೋಗ ವಾಸಿಯಾಗುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಜನ ನಂಬಿದ್ದರು, ದನಗಳು ಮಾತ್ರ ಮಾಮಾನನ್ನು ಕಂಡರೆ ಹಗ್ಗ ಜಗ್ಗುತ್ತಿದ್ದವು.

ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ ಮಾಮಾನಿಗೆ ಪುರುಸೊತ್ತೇ ಇರಲಿಲ್ಲ. ಅದೇ ವರ್ಷ ಇನ್ನೊಂದು ಸುದ್ದಿಯೂ ಹಬ್ಬಿತು. ಗಡಿಯ ಕಾಡಿನಲ್ಲಿ ಬಂದೂಕು ಹಿಡಿದ ಹೊರಗಿನವರು ಬೀಡುಬಿಟ್ಟಿದ್ದಾರಂತೆ. ಪೇಪರಿನಲ್ಲಿ ದಿನಾ ಬರುತ್ತಿತ್ತು, ಪ್ರತಿ ಸಲವೂ ‘ಖಚಿತ ಮಾಹಿತಿ ಮೇರೆಗೆ’ ಎಂದೇ ಶುರು. ದಿನವೂ ಅದೇ ಕಾಡಿಗೆ ಹೋಗಿ ಬರುವ ವಾಡಿಯವರು ಯಾರೂ ಯಾರನ್ನೂ ಕಂಡಿರಲಿಲ್ಲ, ಆದರೆ ಅವರನ್ನು ಕೇಳಿದವರೂ ಇರಲಿಲ್ಲ. ಹಳಿಯಾಳದಲ್ಲಿ ದೊಡ್ಡ ಸಭೆಯಾಯಿತು. ವೇದಿಕೆಯ ಮೇಲಿದ್ದ ಮುಖಂಡರು ಇದು ಕಾಡಿನ ಯುದ್ಧ, ನಾವು ಸಿದ್ಧರಾಗಿದ್ದೇವೆ ಎಂದರು. ಶಿಕ್ಷಕರನ್ನೆಲ್ಲ ಬಸ್ಸು ಮಾಡಿ ಕರೆದೊಯ್ದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಸಭೆಯಾದ ವಾರಕ್ಕೆ ಶಾಲೆಯ ಮುಂದೆ ಒಂದು ಜೀಪು ನಿಂತಿತು. ಇಳಿದವರು ಸಾದಾ ಬಟ್ಟೆಯ ಅಧಿಕಾರಿ, ಮಾತು ಬೆಂಗಳೂರು ಕಡೆಯದು, ಬಹಳ ವಿನಯ. ಕೊಂಕಣಿ ಬಲ್ಲವರೊಬ್ಬರು ಬೇಕಾಗಿತ್ತು, ದೇಶದ ಕೆಲಸ ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮೊಬೈಲಿನಲ್ಲಿ ಒಂದು ಫೋನ್ ಸಂಭಾಷಣೆ ಕೇಳಿಸಿದರು. ಎರಡನೇ ಮಾತಿಗೇ ನಾನು ನಕ್ಕುಬಿಟ್ಟೆ, ಅದು ಮಾಮಾನ ಧ್ವನಿ. ಅನಮೋಡ ಘಾಟದ ಕೆಳಗೆ ಗೋವಾದಲ್ಲಿದ್ದ ತಮ್ಮ ದಾಯಾದಿಗೆ ಅವರು ಹೇಳುತ್ತಿದ್ದರು. ವಖದ್ದಿನ ನಲವತ್ತು ಗುಳೊ ತಯಾರಾಗಿವೆ. ಬಂದು ತೆಗೆದುಕೊಂಡು ಹೋಗು, ನಾಕಾ ದಾಟುವಾಗ ಅಕ್ಕಿಯ ಅಡಿಯಲ್ಲಿಟ್ಟುಕೋ. ಭಾನುವಾರದೊಳಗೆ ಮುಟ್ಟಬೇಕು, ತಡವಾದರೆ ಏನೂ ಉಪಯೋಗವಿಲ್ಲ.

ಇದು ದನದ ಔಷಧ ಎಂದು ನಾನು ಅಧಿಕಾರಿಗೆ ಹೇಳಿದೆ. ಹಾಗಿದ್ದರೆ ಅಕ್ಕಿಯ ಅಡಿಯಲ್ಲಿ ಯಾಕೆ ಬಚ್ಚಿಡಬೇಕು ಎಂದು ಅವರು ಕೇಳಿದರು. ಬೇರು ಅಗೆದದ್ದು ಕಾಯ್ದಿಟ್ಟ ಕಾಡಿನಲ್ಲಿ, ನಾಕಾದ ತಪಾಸಣೆಯಲ್ಲಿ ಸಿಕ್ಕರೆ ಅರಣ್ಯ ಇಲಾಖೆಯವರು ಕಿತ್ತುಕೊಳ್ಳುತ್ತಾರೆ, ಅದಕ್ಕೆ ಎಂದೆ. ಅವರು ತಲೆಯಾಡಿಸಿದರು. “ನೀವು ಕೇಳಿಸಿಕೊಂಡಿದ್ದನ್ನಷ್ಟೇ ಬರೆದುಕೊಡಿ ಮೇಡಂ. ಅರ್ಥ ನಾವು ನೋಡ್ಕೋತೀವಿ” ಎಂದರು.

ನಾನು ಹಾಗೆಯೇ ಮಾಡಿದೆ. ನೋಟ್‌ಬುಕ್ಕಿನ ಹಾಳೆ ಹರಿದು, ಗುಂಡಗಿನ ಅಕ್ಷರದಲ್ಲಿ, ‘ಮದ್ದಿನ ಗುಂಡು ನಲವತ್ತು ತಯಾರಾಗಿವೆ’ ಎಂದು ಬರೆದೆ. ದನ ಎಂಬ ಪದ ಫೋನಿನಲ್ಲಿ ಬಂದಿರಲಿಲ್ಲ. ಮನೆಯವರೊಂದಿಗೆ ಮಾತಾಡುವಾಗ ಗೊತ್ತಿರುವುದನ್ನು ಯಾರು ಬಿಡಿಸಿ ಹೇಳುತ್ತಾರೆ? ನಾನೂ ಬರೆಯಲಿಲ್ಲ.

ಎರಡು ದಿನ ಬಿಟ್ಟು ಒಬ್ಬ ಪೇದೆ ಟೈಪು ಮಾಡಿದ ಪ್ರತಿ ತಂದ. ಬಿಸಿಯೂಟದ ಹೊತ್ತು, ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದವು, ಸಾರಿನ ಪಾತ್ರೆ ನನ್ನ ಕೈಯಲ್ಲೇ ಇತ್ತು. “ಎಲ್ಲಾ ನೀವು ಬರದದ್ದ ಐತ್ರಿ ಅಕ್ಕೋರ” ಎಂದ ಅವನು. ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದೆ. ಸಹಿಯ ಮೇಲೆ ‘ಭಾಷಾಂತರ ಸರಿಯಾಗಿದೆ’ ಎಂದಿತ್ತು. ಅದೊಂದು ಸಾಲು ಮಾತ್ರ ಕಣ್ಣಿಗೆ ಬಿದ್ದಿತ್ತು.

ಅದೇ ವಾರ ಕಾರ್ಯಾಚರಣೆ ಶುರುವಾಯಿತು. ಶಾಲೆಗೆ ರಜೆ ಕೊಟ್ಟು ಅದನ್ನೇ ಕ್ಯಾಂಪು ಮಾಡಿಕೊಂಡರು, ಕುಂಬಾರವಾಡದ ಬಸ್ಸನ್ನು ಜೋಯಿಡಾದಲ್ಲೇ ತಡೆದರು, ವಾಡಿಯವರು ಕಾಡಿನೊಳಗೆ ಕಾಲಿಡಬಾರದು ಎಂದಾಯಿತು. ನಾನು ದಾಂಡೇಲಿಯ ಮನೆಯಲ್ಲಿದ್ದೆ. ಮೂರನೇ ದಿನ ಪೇಪರಿನ ಮುಖಪುಟದಲ್ಲಿ ಬಂತು. ಶಿಕ್ಷಕಿಯೊಬ್ಬರು ದೃಢೀಕರಿಸಿದ ಸಂಭಾಷಣೆಯ ಪ್ರಕಾರ ನಲವತ್ತು ಮದ್ದುಗುಂಡು ಗಡಿ ದಾಟಿಸುವ ಸಂಚು ಬಯಲಾಗಿದೆ, ವೃದ್ಧನೊಬ್ಬನ ಬಂಧನ.

ನಾನು ಪೇಪರನ್ನು ಕಣ್ಣ ಹತ್ತಿರ ತಂದು ಓದಿದೆ. ಮದ್ದುಗುಂಡು. ನಾನು ಬರೆದದ್ದು ಮದ್ದಿನ ಗುಂಡು. ನಡುವಿನ ‘ಇನ’ ಎಲ್ಲಿ ಹೋಯಿತು? ಟೈಪು ಮಾಡಿದವರು ಬೇಕೆಂದೇ ಬಿಟ್ಟರೋ, ಅವರ ಬೆರಳಿಗೆ ರೂಢಿಯಾದದ್ದೇ ಆ ಪದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಷಷ್ಠಿ ವಿಭಕ್ತಿ ಬಿಟ್ಟ ಮಕ್ಕಳಿಗೆ ಹತ್ತು ಸಲ ಬರೆಸುತ್ತಿದ್ದವಳು ನಾನು. ಒಂದು ವಿಭಕ್ತಿ ಬಿದ್ದುಹೋಗಿ ದನದ ಔಷಧ ಬಂದೂಕಿನ ಸರಕಾಗಿತ್ತು, ಅದರ ಕೆಳಗೆ ನನ್ನ ಸಹಿ ಇತ್ತು.

ಜೋಯಿಡಾದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹಾಲಿನ ಗಾಡಿ ಹತ್ತಿ, ಉಳಿದದ್ದನ್ನು ನಡೆದು ಶಾಲೆ ಮುಟ್ಟಿದೆ. ನನ್ನ ಕುರ್ಚಿಯಲ್ಲಿ ಅದೇ ಅಧಿಕಾರಿ ಕೂತಿದ್ದರು. ನನಗೆ ಕೂರಲು ಮಕ್ಕಳ ಬೆಂಚು ತೋರಿಸಿದರು. ತಪ್ಪನ್ನು ವಿವರಿಸಿದೆ, ಬೇಕಾದರೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ ಎಂದೆ. ನನ್ನ ಕೈಬರಹದ ಹಾಳೆ ಎಲ್ಲಿದೆ ಎಂದು ಕೇಳಿದೆ. ಟೈಪಾದ ಮೇಲೆ ಅದನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಮೊರದಲ್ಲಿದ್ದ ಉಂಡೆಗಳನ್ನು ಮೂಸಿ ನೋಡಿದರೂ ಗೊತ್ತಾಗುತ್ತದಲ್ಲ ಎಂದೆ. ಅವನ್ನು ಚೀಲದಲ್ಲಿ ಹಾಕಿ ಸೀಲು ಮಾಡಿ ಪರೀಕ್ಷೆಗೆ ಕಳಿಸಿಯಾಗಿತ್ತು. ಬೆಲ್ಲ, ಮೆಣಸು ಇದ್ದ ಉಂಡೆ ಸರಕಾರದ ಮೊಹರು ಹೊತ್ತು ಪ್ರಯಾಣ ಮಾಡಿತ್ತು. ಅದರ ವರದಿ ಇವತ್ತಿಗೂ ಬಂದಿಲ್ಲ.

ಅವರು ದನಿ ಏರಿಸಲಿಲ್ಲ. “ಮೇಡಂ, ಯುದ್ಧಕ್ಕೆ ಮುಂಚೆ ಬಂದ ಮಾಹಿತಿನ ಯುದ್ಧ ಶುರುವಾದ ಮೇಲೆ ಯಾರೂ ಪ್ರಶ್ನೆ ಮಾಡಬಾರದು. ನಮ್ಮ ಹುಡುಗರು ಕಾಡೊಳಗಿದ್ದಾರೆ” ಎಂದರು. ಯಾವ ಯುದ್ಧ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊರಗೆ ನಾಲ್ವರು ಪೊಲೀಸರು ನಮ್ಮ ಬಿಸಿಯೂಟದ ಒಲೆಯಲ್ಲಿ ಚಹಾ ಕಾಯಿಸುತ್ತಿದ್ದರು.

ಹತ್ತು ದಿನಕ್ಕೆ ಕಾರ್ಯಾಚರಣೆ ಮುಗಿಯಿತು. ಕಾಡಿನಲ್ಲಿ ಯಾರೂ ಸಿಗಲಿಲ್ಲ. ಸಿಗಲಿಲ್ಲ ಎಂದು ಹೇಳದೆ ‘ತಪ್ಪಿಸಿಕೊಂಡರು’ ಎಂದು ಹೇಳಿದರು. ಜೋಯಿಡಾ ಕಡೆಯ ರಾಮನಗರದ ಒಬ್ಬ ವರದಿಗಾರ ಮಾತ್ರ ತನ್ನ ಸಣ್ಣ ಪೇಪರಿನಲ್ಲಿ, ಆ ಖಚಿತ ಮಾಹಿತಿ ಎಲ್ಲಿಂದ ಬಂತು ಎಂದು ಕೇಳಿದ. ಅವನನ್ನು ಮೂರು ಸಲ ಕಚೇರಿಗೆ ಕರೆಸಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ನಾಲ್ಕನೇ ವಾರದಿಂದ ಅವನು ರಸ್ತೆಯ ಹೊಂಡಗಳ ಬಗ್ಗೆ ಬರೆಯತೊಡಗಿದ. ನಮ್ಮ ಶಾಲೆಗಳಿಗೂ ಒಂದು ಸುತ್ತೋಲೆ ಬಂತು. ಕಾರ್ಯಾಚರಣೆಯ ಕುರಿತು ಯಾವ ನೌಕರರೂ ತಕರಾರು ಎತ್ತತಕ್ಕದ್ದಲ್ಲ.

ನಾನು ಎತ್ತಿದೆ. ಮೇಲಿನವರಿಗೆ ಎರಡು ಪುಟದ ಅರ್ಜಿ ಬರೆದೆ, ಮದ್ದಿನ ಗುಂಡು ಎಂದರೇನು, ಮದ್ದುಗುಂಡು ಎಂದರೇನು ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿ ಹೇಳಿದೆ. ಉತ್ತರವಾಗಿ ವರ್ಗಾವಣೆಯ ಆದೇಶ ಬಂತು. ಮುಂಡಗೋಡ ತಾಲೂಕಿನ ಕೊನೆಯ ಹಳ್ಳಿ, ಅಲ್ಲಿ ನನ್ನ ಕೊಂಕಣಿಯಿಂದ ಯಾರಿಗೂ ಉಪಯೋಗವಿರಲಿಲ್ಲ. ಅಲ್ಲೊಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಆ ಊರಿನವರು ಒಳ್ಳೆಯವರು, ಹೊಲದಿಂದ ಬರುವಾಗ ಸೊಪ್ಪು, ಮೆಕ್ಕೆತೆನೆ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಆದರೆ ಅಕ್ಕೋರು ಯಾಕೆ ಇಲ್ಲಿಗೆ ಬಂದರು ಎಂದು ಕೇಳುತ್ತಿರಲಿಲ್ಲ. ಗೊತ್ತಿದ್ದವರ ಮೌನ ಅದು.

ಏಳು ತಿಂಗಳು ಕಳೆದ ಮೇಲೆ ನಮ್ಮ ಇಲಾಖೆಯ ಮೇಲಧಿಕಾರಿಯೊಬ್ಬರು ಶಾಲೆ ನೋಡುವ ನೆಪದಲ್ಲಿ ಬಂದರು. ಹಾಜರಿ ನೋಡಿದರು, ಮಕ್ಕಳಿಂದ ಮಗ್ಗಿ ಹೇಳಿಸಿದರು, ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. ನನ್ನ ಭಾಷಾಂತರ ಸರಿಯಾಗಿಯೇ ಇತ್ತೆಂದೂ, ಸದರಿ ವಿಷಯದಲ್ಲಿ ನನ್ನ ತಕರಾರು ಏನೂ ಇಲ್ಲವೆಂದೂ ನಾನು ಹೇಳಿದಂತೆ ಅದರಲ್ಲಿ ಬರೆದಿತ್ತು. “ಅಕ್ಕೋರ, ಸುಮ್ನ ಹಟಾ ಮಾಡಬ್ಯಾಡ್ರಿ. ಇದಕ್ಕ ಸಹಿ ಆತಂದ್ರ ನಿಮ್ಮನ್ನ ದಾಂಡೇಲಿಗೆ ಹಾಕತಾರ. ಇಲ್ಲಾಂದ್ರ ನಿಮ್ಮ ಮ್ಯಾಲನ ಕೇಸ್ ಆಕ್ಕೈತಿ, ಆ ಬಂದೂಕಿನವರ ಜೋಡಿ ನೀವೂ ಅದೀರಿ ಅಂತ” ಎಂದರು. ಅವರ ಮುಖದಲ್ಲಿ ದುಷ್ಟತನವೇನೂ ಇರಲಿಲ್ಲ, ಬಿಸಿಲಿನಲ್ಲಿ ಬಂದು ಸುಸ್ತಾಗಿದ್ದರು.

ಒಂದು ದಿನ ಸಮಯ ಕೇಳಿದೆ. ಗಂಡನಿಗೆ ಫೋನು ಮಾಡಿದೆ. ಅವರು ಬೆಳಗಾವಿ ಕಡೆಯವರು, ನಮ್ಮಪ್ಪ ದುಡಿದ ಕಾರ್ಖಾನೆಯಲ್ಲೇ ದುಡಿದವರು, ಜಗಳ ಎಂದರೆ ಮೈಲಿ ದೂರ. ಸಹಿ ಹಾಕಿ ಮನೆಗೆ ಬಾ, ನೀನು ಹಾಕದಿದ್ದರೂ ಅವರೇನೂ ಮುದುಕನನ್ನು ಬಿಡುವುದಿಲ್ಲ ಎಂದರು. ಆ ಮಾತು ನನಗೆ ಬೇಕಾಗಿತ್ತು. ಅವರು ಹೇಳಿದರು ಎಂದು ಹಾಕಿದೆ ಎಂದು ಎಷ್ಟೋ ದಿನ ನನ್ನನ್ನೇ ನಂಬಿಸಿಕೊಂಡೆ. ನಿಜವೆಂದರೆ ನಾನು ಹೆದರಿದ್ದೆ. ಒಬ್ಬಳೇ ಉಂಡು, ಒಬ್ಬಳೇ ಮಲಗಿ, ಯಾರ ಜೀಪು ಬಂತೋ ಎಂದು ಪ್ರತಿ ಸದ್ದಿಗೂ ಕಿವಿ ಕೊಟ್ಟು ಸಾಕಾಗಿತ್ತು.

ಈ ಸಲ ಮಾತ್ರ ಓದಿದೆ. ಮೇಲಿನಿಂದ ಕೆಳಗಿನವರೆಗೆ, ಪ್ರತಿ ಅಕ್ಷರ. ಕೊನೆಯ ಸಾಲಿನಲ್ಲಿ ‘ತಕರಾರು ಇರುವದಿಲ್ಲ’ ಎಂದಿತ್ತು. ನಮ್ಮ ಕಡೆಯ ಕಚೇರಿಗಳಲ್ಲಿ ಹಾಗೆಯೇ ಬರೆಯುತ್ತಾರೆ. ನಾನು ಪೆನ್ನು ತೆಗೆದು ‘ವ’ ಅಕ್ಷರಕ್ಕೆ ಕೊಂಬು ಹಾಕಿ ‘ಇರುವುದಿಲ್ಲ’ ಎಂದು ತಿದ್ದಿದೆ. ಆಮೇಲೆ ಸಹಿ ಹಾಕಿದೆ. ಒಬ್ಬ ಮನುಷ್ಯನನ್ನು ಎರಡನೇ ಸಲ ಜೈಲಿಗೆ ದೂಡುವ ಕಾಗದದಲ್ಲಿ ನಾನು ಹುಡುಕಿದ ತಪ್ಪು ಅದು.

ಅವರು ಮಾತಿಗೆ ತಪ್ಪಲಿಲ್ಲ. ತಿಂಗಳೊಳಗೆ ದಾಂಡೇಲಿಗೆ ವರ್ಗವಾಯಿತು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆ. ಇಪ್ಪತ್ತು ವರ್ಷ ಅರ್ಜಿ ಹಾಕಿ ಸಿಗದಿದ್ದ ಜಾಗ ಅದು. ಸಹೋದ್ಯೋಗಿಗಳು ಪೇಡೆ ಕೇಳಿದರು, ತಂದು ಹಂಚಿದೆ.

ಮಾಮಾನಿಗೆ ಜಾಮೀನು ಸಿಕ್ಕಿತೆಂದು ಕುಂಬಾರವಾಡದ ಕಂಡಕ್ಟರನ ಬಾಯಿಂದ ಕೇಳಿದೆ. ಹೋಗಿ ನೋಡಬೇಕು ಎಂದುಕೊಂಡು ಒಂದು ಭಾನುವಾರ ಬಸ್‌ಸ್ಟ್ಯಾಂಡಿನವರೆಗೆ ಹೋದವಳು ಬಾಳೆಹಣ್ಣು ಕೊಂಡು ಮನೆಗೆ ವಾಪಸಾದೆ. ಎರಡು ವಾರದ ಮೇಲೆ ಅವರೇ ಬಂದರು. ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಿಲು ತೆಗೆದರೆ ಮಾಮಾ, ಹಿಂದೆ ಅವರ ಸೊಸೆ. ಸೊಂಟದಲ್ಲಿ ಕತ್ತಿ ಇರಲಿಲ್ಲ. ಬಲಗೈ ಸಣ್ಣಗೆ ನಡುಗುತ್ತಿತ್ತು, ಅದನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಅವರು ಒಳಗಿದ್ದಾಗ ಮನೆಯ ಎರಡೂ ಹಸು ಅದೇ ರೋಗದಿಂದ ಸತ್ತವೆಂದು ಸೊಸೆ ಹೇಳಿದಳು.

ಚಹಾ ಕೊಟ್ಟೆ. ನನ್ನ ಗಂಡ ಒಳಗಿನ ಕೋಣೆಯಲ್ಲಿ ಟಿ.ವಿ.ಯ ಸದ್ದು ಪೂರ್ತಿ ಕಡಿಮೆ ಮಾಡಿದ್ದು ತಿಳಿಯಿತು. ನಾನು ಹೇಳಬೇಕಾದದ್ದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮಾಮಾ, ಆ ಕಾಗದದ ಮೇಲಿನ ಸಹಿ ನನ್ನದು ಎಂದೆ. ಅವರು ಬಸಿಯ ಚಹಾ ಕುಡಿದು ಮುಗಿಸಿದರು. ಗೊತ್ತು, ವಕೀಲರು ಓದಿ ಹೇಳಿದ್ದಾರೆ, ಎರಡನೆಯದನ್ನೂ ಓದಿದ್ದಾರೆ ಎಂದರು.

ಆಮೇಲೆ ಬಂದ ಕೆಲಸ ಹೇಳಿದರು. ಫೋನಿನಲ್ಲಿ ತಾನು ಏನು ಮಾತಾಡಿದ್ದೆ, ಬಾಯಿ ಏನು ಕೇಳಿಸಿಕೊಂಡರು, ಅದನ್ನು ಬಾಯಿಯ ಕೈಯಲ್ಲೇ ಬರೆಸಿ ತರಬೇಕಂತೆ. ಅದನ್ನು ಕೋರ್ಟಿಗೆ ಕೊಟ್ಟರೆ ಕೇಸಿಗೆ ಕಾಲೇ ಇರುವುದಿಲ್ಲ ಎಂದು ವಕೀಲರು ಹೇಳಿದ್ದರು. ನನಗೆ ನಿವೃತ್ತಿಗೆ ಇನ್ನೂ ಐದು ತಿಂಗಳಿತ್ತು. ತಕರಾರು ಇಲ್ಲ ಎಂದು ಬರೆದುಕೊಟ್ಟವಳು ಈಗ ಇದೆ ಎಂದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಾದ ಮೇಲೂ ನನ್ನ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದೆ. ಅವರು ಕೊಂಕಣಿಯಲ್ಲಿ ಹೇಳಿದ ಮಾತನ್ನು ಕನ್ನಡಕ್ಕೆ ತರುವಾಗ ಈಗ ನನಗೆ ಪ್ರತಿ ಪದಕ್ಕೂ ಭಯ, ಆದರೂ ಇಷ್ಟು ಸರಿಯಾಗಿ ನೆನಪಿದೆ.

“ನನ್ನ ಮಾತು ಅವ್ರು ನಂಬೂದಿಲ್ಲ ಬಾಯಿ. ನಿಮ್ಮ ಸಹಿ ನಂಬತಾರ.”

ಅದರಲ್ಲಿ ಚುಚ್ಚುಮಾತಿರಲಿಲ್ಲ. ಮಳೆ ಎಲ್ಲಿಂದ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದರು. ಚುಚ್ಚಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಎದ್ದು ಹೋಗಿ ಹಾಳೆ ತಂದೆ. ಕೈಗೆ ಸಿಕ್ಕ ಪೆನ್ನು ಕೆಂಪು ಶಾಯಿಯದು. ಅಷ್ಟರಲ್ಲಿ ನನ್ನ ಗಂಡ ಹೊರಗೆ ಬಂದರು. ಮುದುಕರಿಗೆ ಕೈಮುಗಿದು, ತಮ್ಮ ಜೇಬಿನ ನೀಲಿ ಪೆನ್ನು ತೆಗೆದು ನನ್ನ ಮುಂದಿಟ್ಟರು. “ಕೆಂಪುದರಾಗ ಬರದ್ರ ಕೋರ್ಟಿನ್ಯಾಗ ನಡಿಯೂದಿಲ್ಲ” ಎಂದು ಅಷ್ಟೇ ಹೇಳಿ ಮಾಮಾನ ಪಕ್ಕದಲ್ಲಿ ಕೂತರು.

ಬರೆದೆ. ಮದ್ದಿನ ಗುಂಡು ಎಂದು ಬರೆದು, ಮುಂದೆ, ಅಂದರೆ ದನಗಳಿಗೆ ನುಂಗಿಸುವ ಔಷಧದ ಉಂಡೆ ಎಂದು ಬರೆದೆ. ಮೊದಲನೆಯ ಕಾಗದಕ್ಕೆ ಓದದೆ ಸಹಿ ಹಾಕಿದೆ, ಎರಡನೆಯದಕ್ಕೆ ಹೆದರಿ ಹಾಕಿದೆ ಎಂದು ಬರೆದೆ. ನನ್ನ ತಕರಾರು ಇದೆ ಎಂದು ಬರೆದೆ. ಒಂದು ಸಲ ಮನಸ್ಸಿನಲ್ಲಿ ಓದಿಕೊಂಡೆ, ಒಂದು ಸಲ ಮಾಮಾನಿಗೆ ಕೊಂಕಣಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ವಖದ್ ಎಂದು ಬಂದ ಕಡೆ ಅವರು ತಲೆಯಾಡಿಸಿದರು. ಮತ್ತೆ ಮೊದಲಿನಿಂದ ಓದಲು ಶುರು ಮಾಡಿದೆ. ಎಲ್ಲೋ ಒಂದು ವಿಭಕ್ತಿ ಬಿಟ್ಟಿರಬಹುದು ಎಂದು ನನ್ನ ಕಣ್ಣು ಸಾಲು ಬಿಟ್ಟು ಏಳುತ್ತಲೇ ಇರಲಿಲ್ಲ. ಮಾಮಾ ಗೋಡೆಯ ಗಡಿಯಾರ ನೋಡಿದರು. ಕುಂಬಾರವಾಡಕ್ಕೆ ಸಂಜೆಗೆ ಒಂದೇ ಬಸ್ಸು.

“ಓದಿದ್ದು ಸಾಕು ಬಾಯಿ” ಎಂದರು. “ಸಹಿ ಹಾಕ್ರಿ.”